ಪೆಡಲ್ ಗಟ್ಟಿಯಾದರೆ ಮೊದಲು ಪೈಪು ನೋಡಿ

ನಿಂತಿರುವ ಕಾರಿನ ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಿ ನೋಡಿ. ಮೊದಲ ಒಂದೆರಡು ಸಲ ಮೆತ್ತಗೆ ಇಳಿಯುತ್ತದೆ, ಆಮೇಲೆ ಬಿಗಿಯುತ್ತಾ ಹೋಗುತ್ತದೆ, ಕೊನೆಗೆ ಕಾಲಿಗೆ ಜಗ್ಗದೆ ನಿಲ್ಲುತ್ತದೆ. ಕಾಲನ್ನು ಹಾಗೇ ಒತ್ತಿಟ್ಟುಕೊಂಡು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಒಂದಿಷ್ಟು ಕೆಳಗೆ ಜಾರಬೇಕು. ಜಾರಿದರೆ ನಿಮ್ಮ ಕಾಲಿಗೆ ಆಸರೆಯಾಗಿ ಇನ್ನೊಂದು ಶಕ್ತಿ ಕೆಲಸ ಮಾಡುತ್ತಿದೆ ಎಂದರ್ಥ. ಜಾರದೇ ಇದ್ದರೆ ಆ ಶಕ್ತಿ ನಿಮ್ಮ ಕಾಲಿನವರೆಗೆ ಬರುತ್ತಿಲ್ಲ. ಬಹಳಷ್ಟು ಸಲ ಅದಕ್ಕೆ ಕಾರಣ ಬ್ರೇಕ್ ಪ್ಯಾಡ್ ಅಲ್ಲ, ಡಿಸ್ಕ್ ಅಲ್ಲ, ಬ್ರೇಕ್ ಆಯಿಲ್ ಕೂಡ ಅಲ್ಲ. ಎಂಜಿನ್‌ನಿಂದ ಬ್ರೇಕ್ ಬೂಸ್ಟರ್‌ಗೆ ಹೋಗುವ, ಹೆಬ್ಬೆರಳಿನಷ್ಟು ದಪ್ಪದ ಒಂದು ರಬ್ಬರ್ ಪೈಪು.

ಮಾಲೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಲಕ್ಕೂರಿನಲ್ಲಿ ಕೂತು ಸ್ಪೋರ್ಟ್ಸ್ ಕಾರಿನ ಪೈಪಿನ ಬಗ್ಗೆ ಬರೆಯುವುದು ವಿಚಿತ್ರವೆನಿಸಬಹುದು. ಇಟ್ಟಿಗೆ ಗೂಡು, ಟೊಮೆಟೊ, ರೇಷ್ಮೆ, ಹಾಲಿನ ಡೇರಿ ಇವುಗಳ ಸೀಮೆ ಇದು. ಆದರೆ ಬೆಂಗಳೂರಿನ ಪೂರ್ವದ ಅಂಚು ವೈಟ್‌ಫೀಲ್ಡ್ ದಾಟಿ ಇತ್ತಲೇ ಬೆಳೆಯುತ್ತಿದೆ. ಶನಿವಾರ ಭಾನುವಾರ ನಸುಕಿನಲ್ಲಿ ಎರಡು ಸೀಟಿನ, ನೆಲಕ್ಕೆ ತಾಗುವಂತೆ ಕೂತ ಕಾರುಗಳು ಹಳೆ ಮದ್ರಾಸು ರಸ್ತೆಯಲ್ಲಿ ಕೋಲಾರ, ಮುಳಬಾಗಿಲಿನ ಕಡೆ ಹರಿಯುವುದು ಈಗ ಹೊಸ ನೋಟವೇನಲ್ಲ. ಹೊಸಕೋಟೆಯ ಹತ್ತಿರ ಶುರುವಾಗಿ ಮಾಲೂರು ತಾಲ್ಲೂಕನ್ನು ಹಾಯುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ 2024ರ ಕೊನೆಯಿಂದ ವಾಹನಗಳಿಗೆ ತೆರೆದಿದೆ. ವೇಗ ನಮ್ಮ ಹೊಲದ ಬದುವಿನವರೆಗೆ ಬಂದಿದೆ. ವೇಗ ಬಂದಲ್ಲಿ ನಿಲ್ಲುವ ವಿಷಯವನ್ನೂ ಮಾತಾಡಲೇಬೇಕು.

ಗ್ಯಾರೇಜಿನಲ್ಲಿ ಎಲ್ಲರೂ ಬೂಸ್ಟರ್ ಎನ್ನುವ, ಪುಸ್ತಕದಲ್ಲಿ ಸರ್ವೊ ಎಂದಿರುವ ಭಾಗ ಬಾನೆಟ್ ಎತ್ತಿದರೆ ಡ್ರೈವರ್ ಎದುರಿನ ಗೋಡೆಗೆ ಕೂತಿರುತ್ತದೆ. ಕಪ್ಪು ಬಣ್ಣದ ದುಂಡು ತಗಡಿನ ಡಬ್ಬಿ. ಅದರ ಒಳಗೆ ಅಡ್ಡಲಾಗಿ ಒಂದು ರಬ್ಬರ್ ಪೊರೆ. ಪೊರೆಯ ಎರಡೂ ಬದಿಯ ಗಾಳಿಯನ್ನು ಎಂಜಿನ್ ಪೈಪಿನ ಮೂಲಕ ಎಳೆದುಕೊಂಡಿರುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗಾಳಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಪಿಸ್ಟನ್‌ಗಳು ಮಾತ್ರ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಗಾಳಿಯ ಒತ್ತಡ ಹೊರಗಿನದಕ್ಕಿಂತ ಬಹಳ ಕಡಿಮೆ ಇರುತ್ತದೆ. ಪೆಡಲ್ ಒತ್ತಿದ ಕೂಡಲೇ ಬೂಸ್ಟರಿನ ಹಿಂಬದಿಯಲ್ಲಿ ಒಂದು ಸಣ್ಣ ವಾಲ್ವ್ ತೆರೆದು ಪೊರೆಯ ಹಿಂದಕ್ಕೆ ಹೊರಗಿನ ಗಾಳಿಯನ್ನು ಬಿಡುತ್ತದೆ. ಮುಂದೆ ನಿರ್ವಾತ, ಹಿಂದೆ ವಾತಾವರಣದ ಪೂರ್ತಿ ಒತ್ತಡ. ಪೊರೆ ಮುಂದಕ್ಕೆ ನುಗ್ಗಿ ಬ್ರೇಕಿನ ಮಾಸ್ಟರ್ ಸಿಲಿಂಡರನ್ನು ತಳ್ಳುತ್ತದೆ. ಬ್ರೇಕ್ ಹಾಕುವುದರಲ್ಲಿ ದೊಡ್ಡ ಪಾಲು ನಮ್ಮ ತಲೆಯ ಮೇಲಿರುವ ಗಾಳಿಯದೇ.

ಎಷ್ಟು ದೊಡ್ಡ ಪಾಲು? ಪೊರೆಯ ಅಡ್ಡಳತೆ 20 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದರ ವಿಸ್ತಾರ 314 ಚದರ ಸೆಂಟಿಮೀಟರ್. ಸಮುದ್ರಮಟ್ಟದ ಚೆನ್ನೈನಲ್ಲಿ ಒಳ್ಳೆಯ ಎಂಜಿನ್ ಐಡಲ್‌ನಲ್ಲಿ ನಿಂತಾಗ ಸುಮಾರು 20 ಇಂಚು ಪಾದರಸದಷ್ಟು ನಿರ್ವಾತ ಕೊಡುತ್ತದೆ. ಲೆಕ್ಕ ಹಾಕಿದರೆ ಪೊರೆಯ ಮೇಲೆ ಬೀಳುವ ತಳ್ಳುವಿಕೆ ಹತ್ತಿರಹತ್ತಿರ 215 ಕಿಲೋ ತೂಕಕ್ಕೆ ಸಮ. ಅದೇ ಕಾರನ್ನು ಘಟ್ಟ ಹತ್ತಿಸಿ ನಮ್ಮ ಕಡೆಗೆ ತನ್ನಿ. ಮಾಲೂರು ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡವೇ ಶೇ 10ರಷ್ಟು ಕಡಿಮೆ. ಸಾವಿರ ಅಡಿಗೆ ಒಂದು ಇಂಚಿನಂತೆ ನಿರ್ವಾತ ಅಳೆಯುವ ಮೀಟರಿನ ಮುಳ್ಳು 17ಕ್ಕೆ ಇಳಿಯುತ್ತದೆ. ಪೊರೆಯ ಬಲವೂ 185 ಕಿಲೋದ ಆಸುಪಾಸಿಗೆ ಬರುತ್ತದೆ. ಇದು ದೋಷವಲ್ಲ, ಊರಿನ ಎತ್ತರ. ವಿದೇಶದ ಮ್ಯಾನ್ಯುಯಲ್‌ನಲ್ಲಿ 20 ಎಂದು ಅಚ್ಚಾಗಿದೆ ಎಂದು ನಮ್ಮಲ್ಲಿ ಎಂಜಿನ್ ಬಿಚ್ಚಿಸಬೇಕಾಗಿಲ್ಲ. ಆದರೆ ಇನ್ನೊಂದು ಮಾತೂ ನಿಜ: ಮೊದಲೇ ಅಷ್ಟು ಕಡಿಮೆ ಇರುವಲ್ಲಿ ಪೈಪಿನ ಬಿರುಕಿಗೆ ಕೊಡಲು ನಮ್ಮ ಬಳಿ ಉಳಿತಾಯ ಕಡಿಮೆ.

ಈ ಉಪಾಯವನ್ನು ಕಾರಿಗೆ ತಂದವನು ಬೆಲ್ಜಿಯಂನ ಆಲ್ಬರ್ಟ್ ದೆವಾಂದ್ರ್. 1927ರಲ್ಲಿ ಜರ್ಮನಿಯ ಬಾಷ್ ಕಂಪನಿ ಅದನ್ನು ಬಾಷ್–ದೆವಾಂದ್ರ್ ಸರ್ವೊ ಬ್ರೇಕ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಬೆಂಗಳೂರಿನ ಹಿರಿಯರು ಆಡುಗೋಡಿಯ ಮೈಕೋ ಎಂದು ಕರೆಯುತ್ತಿದ್ದದ್ದು ಇದೇ ಬಾಷ್ ಬಳಗದ ಕಾರ್ಖಾನೆಯನ್ನು. ಮೊದಮೊದಲು ಇದು ಭಾರದ ವಾಹನಗಳಿಗೆ, ದುಬಾರಿ ಕಾರುಗಳಿಗೆ ಮಾತ್ರ ಇತ್ತು. ಹಳೆಯ ಡ್ರಮ್ ಬ್ರೇಕಿಗೆ ಒಂದು ಗುಣವಿದೆ: ತಿರುಗುವ ಡ್ರಮ್ಮೇ ಬ್ರೇಕ್ ಶೂವನ್ನು ಎಳೆದುಕೊಂಡು ತನ್ನ ಹಿಡಿತ ಹೆಚ್ಚಿಸಿಕೊಳ್ಳುತ್ತದೆ. ಡಿಸ್ಕ್ ಬ್ರೇಕಿಗೆ ಆ ಗುಣವಿಲ್ಲ, ಒತ್ತಿದಷ್ಟೇ ಹಿಡಿತ. 1953ರಲ್ಲಿ ಜಾಗ್ವಾರ್ ಸಿ-ಟೈಪ್ ಕಾರುಗಳು ಡಿಸ್ಕ್ ಬ್ರೇಕ್ ಹಾಕಿಕೊಂಡು ಲ ಮಾನ್ಸ್‌ನ 24 ಗಂಟೆಯ ರೇಸ್ ಗೆದ್ದ ಮೇಲೆ ಸ್ಪೋರ್ಟ್ಸ್ ಕಾರುಗಳು ಡಿಸ್ಕ್‌ಗೆ ತಿರುಗಿದವು. ಡಿಸ್ಕ್ ಬಂದಂತೆ ಕಾಲಿಗೆ ಸಹಾಯಕ ಬೇಕಾಯಿತು. ಬೂಸ್ಟರ್ ಕ್ರಮೇಣ ಸಾಮಾನ್ಯ ಕಾರಿಗೂ ಇಳಿಯಿತು.

ರೈಲು ನಿಂತರೆ ಗೊತ್ತಾಗುತ್ತದೆ, ಕಾರಿನದು ಗೊತ್ತಾಗುವುದಿಲ್ಲ

ನಿರ್ವಾತದ ಬ್ರೇಕ್ ಈ ಸೀಮೆಗೆ ಕಾರಿನ ಜೊತೆ ಬಂದದ್ದಲ್ಲ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಮಾರ್ಗ 1864ರಲ್ಲಿ ತೆರೆಯಿತು. ವೈಟ್‌ಫೀಲ್ಡ್, ದೇವನಗೊಂದಿ, ಮಾಲೂರು, ಟೇಕಲ್, ಬಂಗಾರಪೇಟೆ ಎಲ್ಲವೂ ಅದೇ ದಾರಿಯ ನಿಲ್ದಾಣಗಳು. ಮುಂದೆ ದಶಕಗಳ ಕಾಲ ಆ ಹಳಿಯ ಮೇಲೆ ಓಡಿದ ಗಾಡಿಗಳು ನಿಂತದ್ದು ನಿರ್ವಾತದ ಬ್ರೇಕಿನಿಂದಲೇ. ಎರಡು ಬೋಗಿಗಳ ನಡುವೆ ತೂಗುತ್ತಿದ್ದ ದಪ್ಪ ಸುರುಳಿ ರಬ್ಬರ್ ಪೈಪನ್ನು ವಯಸ್ಸಾದವರು ನೋಡಿಯೇ ಇರುತ್ತಾರೆ.

ಆ ಪೈಪಿಗೂ ಕಾರಿನ ಪೈಪಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಇಡೀ ಲೇಖನದಲ್ಲಿ ನನಗೆ ಅತ್ಯಂತ ಮಹತ್ವದ್ದು ಅನಿಸುವುದು ಇದೇ. ರೈಲಿನಲ್ಲಿ ನಿರ್ವಾತ ಬ್ರೇಕನ್ನು ಬಿಡಿಸಿ ಹಿಡಿದಿರುತ್ತದೆ. ಗಾಳಿ ಒಳನುಗ್ಗಿದರೆ ಬ್ರೇಕ್ ಬೀಳುತ್ತದೆ. ಪೈಪು ಹರಿದರೂ, ಬೋಗಿ ಕಳಚಿಕೊಂಡರೂ ಗಾಡಿ ತಾನಾಗಿ ನಿಲ್ಲುತ್ತದೆ. ಕೆಟ್ಟದ್ದು ತಕ್ಷಣ ಎಲ್ಲರಿಗೂ ತಿಳಿಯುತ್ತದೆ. ಕಾರಿನಲ್ಲಿ ನಿರ್ವಾತ ಬ್ರೇಕ್ ಹಾಕಲು ಸಹಾಯ ಮಾಡುತ್ತದೆ. ಪೈಪು ಹರಿದರೆ ಸಹಾಯ ಹೋಗುತ್ತದೆ, ಅಷ್ಟೇ. ಕಾರು ಓಡುತ್ತಲೇ ಇರುತ್ತದೆ. ಪೆಡಲಿನ ಬಿಗಿ ದಿನಕ್ಕಿಷ್ಟು ಹೆಚ್ಚುತ್ತಾ ಹೋದರೆ ಕಾಲೂ ಅದಕ್ಕೆ ಒಗ್ಗಿಕೊಳ್ಳುತ್ತದೆ. ಎಷ್ಟೋ ಮಾಲೀಕರು ತಿಂಗಳುಗಟ್ಟಲೆ ಹಾಗೇ ಓಡಿಸಿ, ಯಾವಾಗಲೋ ನಾಯಿಯೋ ಮಗುವೋ ಅಡ್ಡ ಬಂದಾಗ ಮಾತ್ರ ಬ್ರೇಕ್ ಸಾಲದೆನ್ನುವುದನ್ನು ಕಂಡುಕೊಳ್ಳುತ್ತಾರೆ.

ಸಾಲದು ಎಂದರೆ ಎಷ್ಟು? ಕಾರಿನ ಬ್ರೇಕಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 13-ಎಚ್ ನಿಯಮದಲ್ಲಿ ಎರಡು ಅಳತೆಗಳಿವೆ. ಪೆಡಲ್ ಮೇಲೆ 500 ನ್ಯೂಟನ್ ಮೀರದ ಬಲ, ಅಂದರೆ ಸುಮಾರು 50 ಕಿಲೋ ತೂಕದ ಒತ್ತು ಹಾಕಿ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ಕಾರು 70 ಮೀಟರ್ ಒಳಗೆ ನಿಲ್ಲಬೇಕು. ಸರ್ವೊದಂಥ ಭಾಗ ಕೈಕೊಟ್ಟಾಗ ಅದೇ ಒತ್ತಿಗೆ 168 ಮೀಟರ್‌ವರೆಗೆ ಅವಕಾಶವಿದೆ. ಇದು ಕಾರು ಕನಿಷ್ಠ ತಲುಪಲೇಬೇಕಾದ ಮಟ್ಟ. ಒಳ್ಳೆಯ ಸ್ಪೋರ್ಟ್ಸ್ ಕಾರು ಬೂಸ್ಟರ್ ಸರಿಯಿದ್ದರೆ ಇದಕ್ಕಿಂತ ಬಹಳ ಮುಂಚೆ ನಿಲ್ಲುತ್ತದೆ. ಆದರೂ ಆ ಎರಡು ಸಂಖ್ಯೆಗಳ ನಡುವೆ ಸುಮಾರು 100 ಮೀಟರ್ ರಸ್ತೆ ಇದೆ. ಅಷ್ಟುದ್ದ ರಸ್ತೆಯನ್ನು ಒಂದು ರಬ್ಬರ್ ಪೈಪು ಕಾಯುತ್ತಿದೆ.

ಟೊಮೆಟೊ ಸೀಸನ್‌ನಲ್ಲಿ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಕ್ರೇಟುಗಳನ್ನು ಹೊತ್ತು ರಾತ್ರಿಯಿಡೀ ಓಡುವ ಡೀಸೆಲ್ ಪಿಕಪ್‌ಗಳಲ್ಲೂ ಇದೇ ಬೂಸ್ಟರ್ ಇದೆ. ಹಳೆ ಡೀಸೆಲ್ ಎಂಜಿನ್‌ಗೆ ಗಾಳಿಯ ಬಾಗಿಲಿಲ್ಲದ ಕಾರಣ ಮ್ಯಾನಿಫೋಲ್ಡ್‌ನಲ್ಲಿ ನಿರ್ವಾತ ಹುಟ್ಟುವುದಿಲ್ಲ. ಅದಕ್ಕೆ ಪ್ರತ್ಯೇಕ ಪಂಪ್ ಇರುತ್ತದೆ, ಎಷ್ಟೋ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ. ಮೆಕ್ಯಾನಿಕ್‌ಗಳು ಅದನ್ನು ಎಕ್ಸಾಸ್ಟರ್ ಎನ್ನುತ್ತಾರೆ. ‘ಪೆಡಲ್ ಗಟ್ಟಿ ಆಗ್ಬಿಟ್ಟೈತೆ ಅಣ್ಣ, ಎಕ್ಸಾಸ್ಟರ್ ಪೈಪ್ ನೋಡು’ ಎನ್ನುವ ಮಾತು ನಮ್ಮ ಕಡೆಯ ರಸ್ತೆಬದಿ ಗ್ಯಾರೇಜುಗಳಲ್ಲಿ ಮಾಮೂಲು. ಆದ್ದರಿಂದ ಈ ಕೆಲಸಕ್ಕೆ ಬೇಕಾದ ಕಿವಿಯೂ ಕೈಯೂ ಇಲ್ಲಿ ಇವೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸ್ಪೋರ್ಟ್ಸ್ ಕಾರು ಎಂದ ಮಾತ್ರಕ್ಕೆ ಅದನ್ನು ಲಾರಿಯ ಮೇಲೇರಿಸಿ ಬೆಂಗಳೂರಿಗೆ ಕಳಿಸಬೇಕಾಗಿಲ್ಲ.

ಪೈಪು ಏಕೆ ಸವೆಯುತ್ತದೆ? ಎಂಜಿನ್ನಿನ ಕಾವು ಮೊದಲ ಕಾರಣ. ಸ್ಪೋರ್ಟ್ಸ್ ಕಾರಿನಲ್ಲಿ ಬಾನೆಟ್ ತಗ್ಗಾಗಿರುತ್ತದೆ, ಎಂಜಿನ್ ಇಕ್ಕಟ್ಟಿನಲ್ಲಿ ಕೂತಿರುತ್ತದೆ, ಪೈಪು ಬಿಸಿ ಎಕ್ಸಾಸ್ಟ್‌ನ ಸಮೀಪವೇ ಹಾಯಬೇಕಾಗುತ್ತದೆ. ಎಂಜಿನ್ ಆಫ್ ಆದ ಮೇಲೆ ಮ್ಯಾನಿಫೋಲ್ಡ್‌ನಿಂದ ಹಿಂದಕ್ಕೆ ಬರುವ ಪೆಟ್ರೋಲ್ ಆವಿ ಮತ್ತು ಆಯಿಲ್ ಆವಿ ಒಳಗಿನ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ. ಗಾಳಿಯಲ್ಲಿನ ಓಝೋನ್ ಹೊರಮೈಯನ್ನು ಬಿರುಕು ಬಿಡಿಸುತ್ತದೆ, ಅದರಲ್ಲೂ ಬಾಗಿದ ಕಡೆ ಮತ್ತು ಕ್ಲಿಪ್ಪಿನ ಅಂಚಿನಲ್ಲಿ. ಇನ್ನು ವಾರವಿಡೀ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ನಮ್ಮೂರಿನಲ್ಲಿ ಇನ್ನೊಬ್ಬ ವೈರಿ ಇದ್ದಾನೆ, ಇಲಿ. ರಾಗಿ ಕಣ, ಮೇವಿನ ಬಣವೆ, ದನದ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವವರು ತಿಂಗಳಿಗೊಮ್ಮೆ ಬಾನೆಟ್ ಎತ್ತಿ ಪೈಪುಗಳ ಮೇಲೆ ಹಲ್ಲಿನ ಗುರುತು ಇದೆಯೇ ನೋಡಬೇಕು.

ಸೋರಿಕೆಯ ಮೊದಲ ಸುಳಿವು ಬ್ರೇಕಿನಲ್ಲಿ ಕಾಣದೆ ಎಂಜಿನ್ನಿನಲ್ಲಿ ಕಾಣುವುದೂ ಉಂಟು. ಬಿರುಕಿನಿಂದ ಒಳಸೇರುವ ಗಾಳಿ ಲೆಕ್ಕಕ್ಕೆ ಸಿಗದ ಗಾಳಿ. ಐಡಲ್ ಏರಿಳಿಯುತ್ತದೆ, ಸಿಗ್ನಲ್‌ನಲ್ಲಿ ಎಂಜಿನ್ ನಡುಗುತ್ತದೆ, ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0171 ಎಂಬ ಕೋಡ್ ಬರಬಹುದು. ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿದೆ ಎಂದು ಅದರ ಅರ್ಥ. ಆ ಕೋಡ್ ನೋಡಿ ಆಕ್ಸಿಜನ್ ಸೆನ್ಸರ್, ಫ್ಯುಯೆಲ್ ಪಂಪ್ ಎಂದು ಸಾವಿರಾರು ರೂಪಾಯಿಯ ಸಾಮಾನು ಬದಲಿಸುವ ಮೊದಲು ಕಿವಿ ಕೊಡಬೇಕು. ಬುಸ್ ಎನ್ನುವ ಸದ್ದು ಎಲ್ಲಿಂದ? ಮೆತ್ತಗಿನ ರಬ್ಬರ್ ಪೈಪಾದರೆ ಮ್ಯಾನಿಫೋಲ್ಡ್‌ನ ಹತ್ತಿರ ಒಂದು ಕ್ಷಣ ಅದುಮಿ ಹಿಡಿದಾಗ ಐಡಲ್ ಸರಿಹೋದರೆ ಸೋರಿಕೆ ಅಲ್ಲಿಂದ ಬೂಸ್ಟರ್ ಕಡೆಗೆ ಇದೆ. ಗಟ್ಟಿ ಪ್ಲಾಸ್ಟಿಕ್ ಪೈಪಾದರೆ ಅದುಮಲು ಹೋಗಬೇಡಿ, ಹಳೆಯದು ಕೈಯಲ್ಲೇ ಮುರಿಯುತ್ತದೆ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ಅಭ್ಯಾಸವನ್ನು ಬಿಡುವುದೇ ಒಳ್ಳೆಯದು. ಬೆಂಕಿ ಹತ್ತಿಕೊಳ್ಳಲು ಒಂದು ಕಿಡಿ ಸಾಕು.

ಅಂಗಡಿಯ ಕೌಂಟರಿನಲ್ಲಿ

ಹೆಚ್ಚು ಮಾರಾಟವಾಗುವ ಕಾರಿಗೆ ಕಂಪನಿಯ ಪೈಪೇ ಸಿಗುತ್ತದೆ, ಅದಕ್ಕಿಂತ ಒಳ್ಳೆಯದಿಲ್ಲ. ಸ್ಪೋರ್ಟ್ಸ್ ಕಾರಿನ ಮಾಲೀಕರಿಗೆ ಆ ಅದೃಷ್ಟ ಯಾವಾಗಲೂ ಇರುವುದಿಲ್ಲ. ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಸ್ಯಾನ್ ಸ್ಟಾರ್ಮ್ ನೆನಪಿಸಿಕೊಳ್ಳಬಹುದು. ಬೆಂಗಳೂರಿನ ನಂಟಿದ್ದ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ತಂದ ಎರಡು ಸೀಟಿನ, ಫೈಬರ್ ಮೈಯ, ಮೇಲ್ಛಾವಣಿ ತೆರೆಯುವ ಕಾರು ಅದು. ಒಳಗಿದ್ದದ್ದು 1,149 ಸಿಸಿಯ ರೆನೊ ಎಂಜಿನ್. ಇಂಥ ವಿರಳ ಕಾರುಗಳಿಗೆ, ಹೊರದೇಶದಿಂದ ತಂದ ಹಳೆಯವಕ್ಕೆ, ಪೈಪನ್ನು ಮೀಟರ್ ಲೆಕ್ಕದಲ್ಲಿ ಕೊಂಡು ಕತ್ತರಿಸಿ ಹಾಕಬೇಕಾಗುತ್ತದೆ. ತಪ್ಪು ನಡೆಯುವುದು ಅಲ್ಲೇ.

ಅಂಗಡಿಯಲ್ಲಿ ‘ಪೈಪು ಕೊಡಿ’ ಎಂದರೆ ರೇಡಿಯೇಟರ್ ನೀರಿನದೂ ಬರುತ್ತದೆ, ಪೆಟ್ರೋಲಿನದೂ ಬರುತ್ತದೆ. ಅವು ಒಳಗಿನಿಂದ ಹೊರಕ್ಕೆ ತಳ್ಳುವ ಒತ್ತಡಕ್ಕೆ ಮಾಡಿದವು. ಬೂಸ್ಟರ್ ಪೈಪಿಗೆ ಬೀಳುವುದು ಹೊರಗಿನಿಂದ ಒಳಕ್ಕೆ ಅದುಮುವ ಒತ್ತಡ. ಎಳನೀರಿನ ಸ್ಟ್ರಾವನ್ನು ಜೋರಾಗಿ ಎಳೆದರೆ ನಡುವೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದಲ್ಲ, ತಪ್ಪು ಪೈಪು ಕಾವೇರಿದ ಎಂಜಿನ್ನಿನ ಪಕ್ಕ ಅದನ್ನೇ ಮಾಡುತ್ತದೆ. ತಣ್ಣಗಿದ್ದಾಗ ಎಲ್ಲವೂ ಸರಿ, ಬಿಸಿಯಾದಾಗ ಬ್ರೇಕ್ ಗಟ್ಟಿ. ಇಂಥ ದೋಷ ಹುಡುಕುವುದು ಕಷ್ಟ. ನೀರಿನ ಪೈಪಿಗೆ ಸಾಮಾನ್ಯವಾಗಿ ಬಳಸುವ ಇಪಿಡಿಎಂ ರಬ್ಬರ್ ಕಾವನ್ನು ತಾಳುತ್ತದೆ, ಪೆಟ್ರೋಲ್ ಮತ್ತು ಆಯಿಲ್ ಆವಿಯನ್ನು ತಾಳುವುದಿಲ್ಲ. ಕೇಳಬೇಕಾದ್ದು ಬ್ರೇಕ್ ವ್ಯಾಕ್ಯೂಮ್ ಹೋಸ್. ಮೈಮೇಲೆ ಎಸ್‌ಎಇ ಜೆ1403 ಎಂದು ಅಚ್ಚಾಗಿದ್ದರೆ ಅದು ಇದೇ ಕೆಲಸಕ್ಕೆ ಮಾಡಿದ, ಒಳಗೆ ನೂಲಿನ ಪದರ ಕೊಟ್ಟ ಪೈಪು. ಬೆಲೆ ಕೆಲವು ನೂರು ರೂಪಾಯಿ. ಇಲ್ಲಿ ಉಳಿಸುವುದರಲ್ಲಿ ಯಾವ ಲಾಭವೂ ಇಲ್ಲ.

ಒಳ ಅಳತೆಯನ್ನು ಹಳೆ ಪೈಪಿನ ಬಾಯಿಂದ ತೆಗೆಯಬೇಡಿ; ವರ್ಷಗಟ್ಟಲೆ ಹಿಗ್ಗಿ ಅದು ದೊಡ್ಡದಾಗಿರುತ್ತದೆ. ಪೈಪು ಕೂರುವ ಲೋಹದ ನಳಿಕೆಯ ಹೊರ ಅಳತೆಯನ್ನು ವರ್ನಿಯರ್‌ನಿಂದ ತೆಗೆದು, ಬಿಗಿಯಾಗಿ ಕೂರುವ ಪೈಪು ಕೊಳ್ಳಿ. ಜೊತೆಗೆ ಹೊಸ ಕ್ಲಿಪ್ಪುಗಳು, ಬೂಸ್ಟರಿನ ರಬ್ಬರ್ ಗ್ರಾಮೆಟ್ ಮತ್ತು ಎನ್‌ಆರ್‌ವಿ ತನ್ನಿ. ಎನ್‌ಆರ್‌ವಿ ಎಂದರೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್. ಎಂಜಿನ್ ನಡುದಾರಿಯಲ್ಲಿ ನಿಂತುಹೋದರೂ ಬೂಸ್ಟರಿನಲ್ಲಿ ಒಂದೆರಡು ಬ್ರೇಕಿಗೆ ಸಾಕಾಗುವ ನಿರ್ವಾತವನ್ನು ಅದು ಕಾಯ್ದಿಡುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಅದರ ಜವಾಬ್ದಾರಿ ಇನ್ನೂ ದೊಡ್ಡದು: ರೇಸ್ ಕೊಟ್ಟಾಗ ಮ್ಯಾನಿಫೋಲ್ಡ್‌ನಲ್ಲಿ ಗಾಳಿ ತುಂಬಿಕೊಂಡು ತಳ್ಳುತ್ತದೆ, ಆ ಗಾಳಿ ಬೂಸ್ಟರಿಗೆ ನುಗ್ಗದಂತೆ ತಡೆಯುವುದು ಇದೇ.

ಕೈಕೆಲಸ

ಎಂಜಿನ್ ಪೂರ್ತಿ ತಣ್ಣಗಾಗಲಿ. ಪೆಡಲನ್ನು ಹಲವು ಸಲ ಒತ್ತಿ ಬೂಸ್ಟರಿನಲ್ಲಿ ಉಳಿದ ನಿರ್ವಾತವನ್ನು ಖಾಲಿ ಮಾಡಿ. ಹಳೆ ಪೈಪು ಯಾವ ದಾರಿಯಲ್ಲಿ ಹೋಗಿದೆ, ಎಲ್ಲಿ ಕ್ಲಿಪ್ಪಿನಲ್ಲಿ ಸಿಕ್ಕಿಸಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಪೈಪು ನಳಿಕೆಗೆ ಅಂಟಿಕೊಂಡಿದ್ದರೆ ಎಳೆಯುವ ಬದಲು ತಿರುಚಿ. ತಿರುಗದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ಕೆಳಗಿನ ನಳಿಕೆಗೆ ಗೀರು ಬೀಳಬಾರದು, ಬಿದ್ದರೆ ಹೊಸ ಪೈಪೂ ಅಲ್ಲಿ ಸೋರುತ್ತದೆ. ಬೂಸ್ಟರ್ ಕಡೆಯ ಎನ್‌ಆರ್‌ವಿಯನ್ನು ಮೆಲ್ಲಗೆ ಅಲುಗಾಡಿಸುತ್ತಾ ನೇರಕ್ಕೆ ಹೊರತೆಗೆಯಿರಿ. ಹಳೆ ಗ್ರಾಮೆಟ್ ಪುಡಿಯಾಗಿ ಒಳಗೆ ಬೀಳದಂತೆ ನೋಡಿಕೊಳ್ಳಬೇಕು.

ಇಲ್ಲೊಂದು ಪರೀಕ್ಷೆ ಇದೆ, ಅದನ್ನು ಯಾರೂ ಬಿಡಬಾರದು. ತೆಗೆದ ಪೈಪಿನ ಬೂಸ್ಟರ್ ತುದಿಯ ಒಳಗೆ ಬೆರಳಾಡಿಸಿ. ಒಣಗಿರಬೇಕು. ಒದ್ದೆಯಾಗಿ ಬ್ರೇಕ್ ಆಯಿಲ್ ಅಂಟಿದರೆ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋಗಿದೆ, ಆಯಿಲ್ ಬೂಸ್ಟರಿಗೆ ಸೋರಿ ಅಲ್ಲಿಂದ ಎಂಜಿನ್ ಅದನ್ನು ಕುಡಿಯುತ್ತಿದೆ. ಬ್ರೇಕ್ ಆಯಿಲ್ ತುಂಬುವ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ, ಹೊರಗೆ ಎಲ್ಲೂ ಸೋರಿಕೆ ಕಾಣುವುದಿಲ್ಲ ಎಂದು ತಲೆ ಕೆಡಿಸಿಕೊಂಡವರಿಗೆ ಉತ್ತರ ಈ ಪೈಪಿನೊಳಗೆ ಸಿಗುತ್ತದೆ. ಹಾಗಿದ್ದರೆ ಪೈಪು ಬದಲಿಸಿ ಕೈತೊಳೆದುಕೊಳ್ಳುವಂತಿಲ್ಲ, ಸಿಲಿಂಡರಿನ ಕೆಲಸ ಮೊದಲು.

ಹೊಸ ಪೈಪನ್ನು ಹರಿತವಾದ ಬ್ಲೇಡಿನಿಂದ ಒಂದೇ ಏಟಿಗೆ ನೇರವಾಗಿ ಕತ್ತರಿಸಿ. ಹಳೆಯದರಷ್ಟೇ ಉದ್ದವಿರಲಿ: ಗಿಡ್ಡವಾದರೆ ಎಂಜಿನ್ ಅಲುಗಾಟಕ್ಕೆ ಕಿತ್ತುಬರುತ್ತದೆ, ಉದ್ದವಾದರೆ ಜೋತು ಎಕ್ಸಾಸ್ಟ್‌ಗೆ ತಾಗುತ್ತದೆ. ತುದಿಗೆ ಗ್ರೀಸ್, ಎಂಜಿನ್ ಆಯಿಲ್ ಸವರಬೇಡಿ, ಒಂದು ಹನಿ ನೀರು ಸಾಕು. ಎನ್‌ಆರ್‌ವಿ ಮೈಮೇಲೆ ಬಾಣದ ಗುರುತಿದ್ದರೆ ಅದು ಎಂಜಿನ್ ಕಡೆಗೆ ಮುಖ ಮಾಡಿರಬೇಕು. ತಿರುಗಾಮುರುಗಾ ಹಾಕಿದರೆ ಬೂಸ್ಟರಿಗೆ ನಿರ್ವಾತ ತಲುಪುವುದೇ ಇಲ್ಲ. ಗುರುತು ಅಳಿಸಿದ್ದರೆ ಹೊಸ ವಾಲ್ವಿನ ಬೂಸ್ಟರ್ ತುದಿಯಿಂದ ಊದಿ ನೋಡಿ: ಗಾಳಿ ಎಂಜಿನ್ ಕಡೆಗೆ ಹೋಗಬೇಕು, ಆ ಕಡೆಯಿಂದ ಊದಿದರೆ ಬರಬಾರದು. ಕ್ಲಿಪ್ಪನ್ನು ರಬ್ಬರ್ ಕತ್ತರಿಸುವಷ್ಟು ಬಿಗಿಯಬೇಡಿ.

ಈಗ ಮೊದಲು ಹೇಳಿದ ಪೆಡಲ್ ಪರೀಕ್ಷೆಗೆ ಇನ್ನೆರಡನ್ನು ಸೇರಿಸಬೇಕು. ಎಂಜಿನ್ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಪೆಡಲ್ ಒತ್ತಿ. ಮೊದಲ ಒತ್ತಿಗೆ ಮೆತ್ತಗಿದ್ದು ಆಮೇಲೆ ಬಿಗಿಯುತ್ತಾ ಬಂದರೆ ವಾಲ್ವ್ ನಿರ್ವಾತವನ್ನು ಹಿಡಿದಿದೆ. ಮೊದಲ ಒತ್ತಿಗೇ ಗಟ್ಟಿಯಿದ್ದರೆ ಇನ್ನೂ ಎಲ್ಲೋ ಸೋರಿಕೆ ಇದೆ. ಆಮೇಲೆ ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿ ಹಿಡಿದು ಆಫ್ ಮಾಡಿ, ಅರ್ಧ ನಿಮಿಷ ಹಾಗೇ ಇರಿ. ಪೆಡಲ್ ಕಾಲನ್ನು ಮೇಲಕ್ಕೆ ತಳ್ಳಬಾರದು. ತಳ್ಳಿದರೆ, ಪೈಪೂ ವಾಲ್ವೂ ಹೊಸವಾದ್ದರಿಂದ, ಸಂಶಯ ಬೂಸ್ಟರಿನ ಒಳಗಿನ ಪೊರೆಯ ಮೇಲೆ. ಅದನ್ನು ರಿಪೇರಿ ಮಾಡಿಸುವುದಕ್ಕಿಂತ ಇಡಿಯಾಗಿ ಬದಲಿಸುವುದೇ ಸರಿ.

ಮೂರೂ ಪರೀಕ್ಷೆ ದಾಟಿದ ಮೇಲೂ ನೇರ ಎಕ್ಸ್‌ಪ್ರೆಸ್‌ವೇ ಕಡೆ ತಿರುಗಿಸಬೇಡಿ. ಜನರಿಲ್ಲದ ಊರ ಹೊರಗಿನ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಒಮ್ಮೆ, 30ರಲ್ಲಿ ಒಮ್ಮೆ, 50ರಲ್ಲಿ ಒಮ್ಮೆ ನಿಲ್ಲಿಸಿ ನೋಡಿ. ಪೆಡಲ್ ಈಗ ಹಗುರವಾಗಿರುತ್ತದೆ. ತಿಂಗಳುಗಟ್ಟಲೆ ಗಟ್ಟಿ ಪೆಡಲ್ ಒತ್ತಿ ಅಭ್ಯಾಸವಾದ ಕಾಲು ಜೋರಾಗಿ ಒತ್ತಿಬಿಡುತ್ತದೆ, ಹಿಂದೆ ಬರುವ ಬೈಕಿನವನಿಗೆ ಅದು ಗೊತ್ತಿರುವುದಿಲ್ಲ. ಮನೆಗೆ ಬಂದ ಮೇಲೆ ಪೈಪಿನ ಮೈಮೇಲೆ ಬಿಳಿ ಪೇಂಟ್ ಪೆನ್ನಿನಿಂದ ಹಾಕಿದ ತಿಂಗಳು, ವರ್ಷ ಬರೆದಿಡಿ. ಒಂದೆರಡು ನೂರು ಕಿಲೋಮೀಟರ್ ಓಡಿದ ಮೇಲೆ ಕ್ಲಿಪ್ಪುಗಳನ್ನು ಮತ್ತೊಮ್ಮೆ ನೋಡಿ, ಕಾವಿಗೆ ರಬ್ಬರ್ ಕೂತು ಅವು ಸಡಿಲವಾಗಿರುತ್ತವೆ. ಆಮೇಲೆ ಪ್ರತಿ ಸರ್ವಿಸ್‌ನಲ್ಲೂ ಪೈಪನ್ನು ಬೆರಳಿನಲ್ಲಿ ಬಗ್ಗಿಸಿ, ಕ್ಲಿಪ್ಪಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಕಂಡರೆ ಅಂದೇ ಬದಲಿಸಿ.